ಅಮ್ಮನ ಎಂಬತ್ತಕ್ಕೆ ಹ್ಯಾಂಬರ್ಗ್‌ನಿಂದ ಉಡುಪಿಗೆ: ಒಂದು ದಿನ ಮುಂಚೆ ತಲುಪಬೇಕಾದವಳು ಹೋಮ, ಊಟ ಎಲ್ಲ ಮುಗಿದ ಮೇಲೆ ತಲುಪಿದೆ

ಇಂದ್ರಾಳಿ ಸೇತುವೆ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು, ಆರು ವರ್ಷಗಳಿಂದ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದೇನೆ. ಈ ಆಟಿಯ (ಜುಲೈ ನಡುವೆ ಶುರುವಾಗುವ, ಶುಭಕಾರ್ಯಗಳಿಗೆ ಆಗದೆನ್ನುವ ತುಳು ತಿಂಗಳು) ಮೊದಲ ವಾರ ನನ್ನ ಅಮ್ಮನಿಗೆ ಎಂಬತ್ತು ತುಂಬಿತು. ಆಟಿಯಲ್ಲಿ ದೊಡ್ಡ ಸಮಾರಂಭ ಬೇಡವೆಂದು ಅವರೇ ಹೇಳಿದ್ದರಿಂದ ಶನಿವಾರ ಬೆಳಿಗ್ಗೆ ಮನೆಯಲ್ಲೇ ಒಂದು ಆಯುಷ್ಯ ಹೋಮ, ಮಧ್ಯಾಹ್ನ ನಲವತ್ತು ಎಲೆಯ ಊಟ, ಇಷ್ಟಕ್ಕೆ ಮುಗಿಸುವುದೆಂದು ಅಣ್ಣ ನಿಶ್ಚಯಿಸಿದ್ದರು. ನನಗೆ ಸಿಕ್ಕಿದ್ದು ಒಂಬತ್ತು ದಿನಗಳ ರಜೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಹ್ಯಾಂಬರ್ಗ್ ಬಿಟ್ಟು, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ, ಅದೇ ರಾತ್ರಿ ಒಂದೂವರೆಗೆ ಬೆಂಗಳೂರು ಸೇರಿ, ಶುಕ್ರವಾರ ಬೆಳಗಿನ ವಿಮಾನದಲ್ಲಿ ಮಂಗಳೂರಿಗೆ ಬಂದರೆ ಹತ್ತು ಗಂಟೆಯ ಹೊತ್ತಿಗೆ ಮನೆಯಲ್ಲಿರಬಹುದೆಂದು ಲೆಕ್ಕ ಹಾಕಿದ್ದೆ. ಒಂದು ಪೂರ್ತಿ ದಿನ ಕೈಯಲ್ಲಿ ಉಳಿಯುತ್ತದೆಂಬ ಧೈರ್ಯದಿಂದ ಬೆಂಗಳೂರಿನವರೆಗೆ ಒಂದು ಟಿಕೆಟ್, ಅಲ್ಲಿಂದ ಮಂಗಳೂರಿಗೆ ಬೇರೆಯೇ ಕಂಪನಿಯ ಇನ್ನೊಂದು ಟಿಕೆಟ್ ತೆಗೆದಿದ್ದೆ. ಹೀಗೆ ಬೇರೆ ಮಾಡಿದ್ದರಿಂದ ಉಳಿದ ಹಣ ಎಷ್ಟೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮೊದಲ ವಿಮಾನವೇ ತಾಂತ್ರಿಕ ದೋಷದ ಕಾರಣ ಹೇಳಿ ಮೂರು ಗಂಟೆ ಹೊರಡಲಿಲ್ಲ. ಫ್ರಾಂಕ್‌ಫರ್ಟ್ ತಲುಪುವಷ್ಟರಲ್ಲಿ ಬೆಂಗಳೂರಿನ ವಿಮಾನ ಹೊರಟುಹೋಗಿತ್ತು. ರಾತ್ರಿಗೆ ಹೋಟೆಲ್ ಕೊಟ್ಟರು, ಮರುದಿನದ ಅದೇ ವಿಮಾನದಲ್ಲಿ ಸೀಟು ಕೊಟ್ಟರು. ಶನಿವಾರ ನಸುಕಿನ ಎರಡಕ್ಕೆ ಬೆಂಗಳೂರಿನಲ್ಲಿ ಇಳಿದೆ. ನಾನು ಬಂದೆ, ನನ್ನ ಪೆಟ್ಟಿಗೆ ಬರಲಿಲ್ಲ. ಅದರಲ್ಲಿ ಅಮ್ಮನಿಗೆಂದು ತಂದ ಶಾಲು, ಪತ್ರಿಕೆ ಓದಲು ಭೂತಗನ್ನಡಿ ಅಳವಡಿಸಿದ ಮೇಜಿನ ದೀಪ, ಲ್ಯೂಬೆಕ್‌ನ ಬಾದಾಮಿ ಮಿಠಾಯಿ ಇದ್ದವು. ಕೌಂಟರಿನಲ್ಲಿ ದೂರು ಬರೆಸಿ ಹೊರಬರುವಾಗ ನಾಲ್ಕು ಗಂಟೆ. ಶುಕ್ರವಾರದ ಮಂಗಳೂರು ಟಿಕೆಟ್ ಅಷ್ಟರಲ್ಲಿ ಸತ್ತುಹೋಗಿದ್ದರಿಂದ ಮೂರು ಪಟ್ಟು ಬೆಲೆ ಕೊಟ್ಟು ಆರೂವರೆಯ ವಿಮಾನಕ್ಕೆ ಹೊಸ ಟಿಕೆಟ್ ಕೊಂಡೆ. ಹೋಮ ಎಂಟೂವರೆಗೆ ಆರಂಭ, ಪೂರ್ಣಾಹುತಿ ಹತ್ತೂವರೆಗೆ ಎಂದು ಅಣ್ಣ ಹೇಳಿದ್ದರು; ಪೂರ್ಣಾಹುತಿಗಾದರೂ ಮುಟ್ಟುತ್ತೇನೆಂದು ನಂಬಿದ್ದೆ.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಮೇಲೆ ವಿಮಾನ ಮುಕ್ಕಾಲು ಗಂಟೆ ಸುತ್ತು ಹೊಡೆಯಿತು. ಒಮ್ಮೆ ಮೋಡ ಸೀಳಿ ಕೆಳಗೆ ಕೆಂಪು ನೀರು ತುಂಬಿದ ಗುರುಪುರ ಹೊಳೆ, ಅದರ ಅಂಚಿನ ತೆಂಗಿನ ತೋಟ, ಒಂದು ಹಂಚಿನ ಮನೆಯ ಅಂಗಳಕ್ಕೆ ಹೊದಿಸಿದ ನೀಲಿ ಟಾರ್ಪಾಲು ಎಲ್ಲವೂ ಸ್ಪಷ್ಟವಾಗಿ ಕಂಡವು. ಚಕ್ರ ಕೆಳಗಿಳಿದ ಸದ್ದೂ ಕೇಳಿತು. ಮರುಕ್ಷಣವೇ ಎಂಜಿನ್ ಅಬ್ಬರಿಸಿ ವಿಮಾನ ಮೂತಿ ಮೇಲೆತ್ತಿತು, ಹೊಳೆ ಮಾಯವಾಯಿತು. ಪಕ್ಕದಲ್ಲಿ ಕುಳಿತಿದ್ದ ವೃದ್ಧ ಬ್ಯಾರಿಯೊಬ್ಬರು ಕಣ್ಣು ಮುಚ್ಚಿ ತಸ್ಬಿ ಎಣಿಸುತ್ತಿದ್ದವರು, ಕಣ್ಣು ತೆರೆಯದೆಯೇ, "ಇನ್ನು ಬೆಂಗಳೂರೇ, ಮಗಳೇ" ಎಂದರು. ಹಾಗೆಯೇ ಆಯಿತು. ಒಂಬತ್ತೂಕಾಲಕ್ಕೆ ಮತ್ತೆ ಬೆಂಗಳೂರಿನಲ್ಲಿದ್ದೆ. ಆ ದಿನದ ಉಳಿದ ವಿಮಾನಗಳ ಬಗ್ಗೆ ಯಾರೂ ಖಚಿತವಾಗಿ ಹೇಳಲಿಲ್ಲವಾದ್ದರಿಂದ ಟಿಕೆಟ್ ಹಣ ವಾಪಸು ಕೇಳಿ, ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದು ಹನ್ನೊಂದೂವರೆಯ ಮಂಗಳೂರು ಬಸ್ಸು ಹಿಡಿದೆ. ಪೂರ್ಣಾಹುತಿಯನ್ನು ವಾಯುವಜ್ರದಲ್ಲಿ, ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ, ಮೊಬೈಲಿನಲ್ಲಿ ನೋಡಿದೆ.

ಸಕಲೇಶಪುರ ದಾಟಿ ದೋಣಿಗಾಲ್ ಬಳಿ ಸಂಜೆ ನಾಲ್ಕೂವರೆಗೆ ನಿಂತ ಬಸ್ಸು ಹೊರಟದ್ದು ರಾತ್ರಿ ಒಂಬತ್ತೂವರೆಗೆ. ಮುಂದೆ ರಸ್ತೆಗೆ ಮಣ್ಣು ಜಾರಿತ್ತಂತೆ. ನಮ್ಮ ಮುಂದಿದ್ದ ಗ್ಯಾಸ್ ಟ್ಯಾಂಕರುಗಳ ಚಾಲಕರು ಅರ್ಧ ಗಂಟೆಯಲ್ಲೇ ಪರಿಸ್ಥಿತಿ ಅರ್ಥ ಮಾಡಿಕೊಂಡು, ದೂರದ ಒಂದು ಮುಚ್ಚಿದ ಅಂಗಡಿಯ ಮಾಡಿನ ಕೆಳಗೆ ಸ್ಟೌ ಹಚ್ಚಿ ಅನ್ನಕ್ಕೆ ಇಟ್ಟಿದ್ದರು. ನನಗೆ ಹೆಚ್ಚು ಹೊಟ್ಟೆ ಉರಿದದ್ದು ಆಗಲೇ. ಮಂಗಳೂರಿನ ಬಿಜೈ ನಿಲ್ದಾಣಕ್ಕೆ ಹನ್ನೆರಡೂವರೆಗೆ ಬಂದೆ, ಅಣ್ಣ ಕಾರು ತಂದಿದ್ದರು, ಮನೆ ಸೇರುವಾಗ ಭಾನುವಾರ ನಸುಕಿನ ಎರಡು ಗಂಟೆ. ಅಮ್ಮ ಚಾವಡಿಯಲ್ಲಿ ಎಚ್ಚರವಾಗಿಯೇ ಕುಳಿತಿದ್ದರು. ಪಕ್ಕದಲ್ಲಿ ಬಾಳೆಲೆಯ ಮೇಲೆ ನನ್ನ ಪಾಲಿನ ಹಯಗ್ರೀವ ಮಡ್ಡಿ, ಅದರ ಮೇಲೆ ಮುಚ್ಚಿದ ತಟ್ಟೆ.

ನನ್ನ ಪ್ರಶ್ನೆಗಳು ಇವು. ಈ ನಷ್ಟವನ್ನು ಯಾರಿಂದಲಾದರೂ ಕೇಳುವ ಹಕ್ಕು ನನಗಿದೆಯೇ? ಬೆಂಗಳೂರಿನಲ್ಲಿ ಬಸ್ಸು ಹಿಡಿದದ್ದು ತಪ್ಪಾಯಿತೇ? ಒಂದು ವಾರ ಮುಂಚೆಯೇ ಬರಬೇಕಿತ್ತು ಎನ್ನುತ್ತಾರೆ ಅಣ್ಣ. ರಜೆಯೇ ಒಂಬತ್ತು ದಿನವಾದಾಗ ಅದು ಹೇಗೆ ಸಾಧ್ಯ? ಸಹಸ್ರ ಚಂದ್ರ ದರ್ಶನ ಶಾಂತಿ ಮುಂದಿನ ವರ್ಷ ಬರುತ್ತದೆ. ಅದಕ್ಕೂ ಹೀಗೆ ಆಗಬಾರದು.

ಕೆಂಜಾರು ಗುಡ್ಡೆ ಉತ್ತರಿಸಿದ್ದಾರೆ:

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಬಜ್ಪೆಯಿಂದ ಹಿಂದಿರುಗಿದ ಆ ವಿಮಾನದ ಮೇಲೆ ಮಾತ್ರ ಕೋಪ ಮಾಡಿಕೊಳ್ಳಬೇಡಿ ಎಂದು, ಆ ನಿಲ್ದಾಣದ ಬೇಲಿಯ ಆಚೆ ಹುಟ್ಟಿ ಬೆಳೆದ ನಾನು ಕೇಳಿಕೊಳ್ಳುತ್ತೇನೆ. ನಮ್ಮ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ತಲೆಯನ್ನು ಸಮತಟ್ಟು ಮಾಡಿದ ಜಾಗದಲ್ಲಿ. ಟೇಬಲ್ ಟಾಪ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಈಗಿನ ರನ್‌ವೇ 2,450 ಮೀಟರ್ ಉದ್ದವಿದೆ, ಅದರಾಚೆ ಕಣಿವೆ. ಆಟಿಯ ಮಳೆಯಲ್ಲಿ ಕಡಲ ಕಡೆಯಿಂದ ಬರುವ ಮೋಡ ಗುಡ್ಡದ ತಲೆಗೇ ತಾಗಿ ನಿಲ್ಲುತ್ತದೆ. ಕೆಳಗೆ ಗುರುಪುರದಲ್ಲಿ ನಿಂತವರಿಗೆ ಆಕಾಶ ಸಾಧಾರಣವಾಗಿ ಕಾಣುವಾಗಲೂ ಮೇಲೆ ರನ್‌ವೇಯ ದೀಪ ಕಾಣದೇ ಹೋಗಬಹುದು. ಹೊಳೆ ಸ್ಪಷ್ಟವಾಗಿ ಕಂಡಿತು ಎಂದು ನೀವು ಬರೆದಿದ್ದೀರಲ್ಲ, ಅದರಲ್ಲಿ ಆಶ್ಚರ್ಯವಿಲ್ಲ. ಪೈಲಟ್‌ಗೆ ಬೇಕಾದದ್ದು ಹೊಳೆಯಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಇದೇ ಗುಡ್ಡದಿಂದ ಕೆಳಗುರುಳಿ 158 ಮಂದಿ ಸತ್ತರು, ಉಳಿದವರು ಎಂಟೇ ಮಂದಿ. ಅಂದು ಹವಾಮಾನ ಕೆಟ್ಟಿರಲಿಲ್ಲ. ಇಳಿಯುವ ಎತ್ತರ, ವೇಗ ಸರಿಹೊಂದದಿದ್ದಾಗ ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದ ಮೇಲೂ ಮುಖ್ಯ ಪೈಲಟ್ ಇಳಿಸಲು ಮುಂದುವರಿದದ್ದನ್ನು ತನಿಖಾ ವರದಿ ಕಾರಣವಾಗಿ ಗುರುತಿಸಿತು. ಊರಿಗೆ ಬರುವ ಯಾರ ಮನೆಯಲ್ಲಿ ಏನು ಕಾರ್ಯಕ್ರಮವಿತ್ತೋ, ಯಾರ ಪೆಟ್ಟಿಗೆಯಲ್ಲಿ ಯಾರಿಗೆ ಏನು ಇತ್ತೋ. ಅಂದಿನಿಂದ ನಮ್ಮ ಕಡೆಯವರು, ಚಕ್ರ ಬಿಟ್ಟ ಮೇಲೂ ಮೇಲೇರುವ ವಿಮಾನದ ಸದ್ದು ಕೇಳಿದರೆ ಬೈಯುವುದಿಲ್ಲ.

ಪರಿಹಾರದ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಅಂತಹ ದಿನ ನಾನು ಮಾಡುವುದನ್ನು ಮಾತ್ರ ಹೇಳುತ್ತೇನೆ: ಮುಂಗಾರಿನಲ್ಲಿ ಬೆಳಗಿನ ಮೊದಲ ವಿಮಾನಕ್ಕೇ ಟಿಕೆಟ್ ತೆಗೆಯುತ್ತೇನೆ. ಅದು ಹಿಂದಿರುಗಿದರೂ ಆ ದಿನದ ಉಳಿದ ವಿಮಾನಗಳ ಆಸೆ ಇರುತ್ತದೆ. ರಾತ್ರಿಯ ಕೊನೆಯ ವಿಮಾನ ಹಿಂದಿರುಗಿದರೆ ಆಸೆಯೂ ಇಲ್ಲ. ನೀವು ಸರಿಯಾದದ್ದನ್ನೇ ಮಾಡಿದ್ದಿರಿ, ಒಂದು ದಿನ ತಡವಾಗಿ.

ಫಲ್ಗುಣಿ ತೀರ ಉತ್ತರಿಸಿದ್ದಾರೆ:

ಅಕ್ಕ, ನಿಮಗೆ ಬರಬೇಕಾದ ಹಣ ಇದೆ, ಅದೂ ಸಣ್ಣ ಮೊತ್ತವಲ್ಲ. ನಾನೂ ಜರ್ಮನಿಯಲ್ಲಿ ಎಂಟು ವರ್ಷ ಇದ್ದು ಎರಡು ಸಲ ಈ ದಾರಿ ತುಳಿದವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಪ್ರಯಾಣದಲ್ಲಿ ಮೂರು ಬೇರೆ ಬೇರೆ ತುಂಡುಗಳಿವೆ, ಮೂರಕ್ಕೂ ಮೂರು ಬೇರೆ ನಿಯಮಗಳು. ಹ್ಯಾಂಬರ್ಗ್‌ನಿಂದ ಬೆಂಗಳೂರಿನವರೆಗಿನ ತುಂಡು ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದ ಕೆಳಗೆ ಬರುತ್ತದೆ. ಒಕ್ಕೂಟದ ನಿಲ್ದಾಣದಿಂದ ಹೊರಟ ವಿಮಾನ ಯಾವ ದೇಶದ ಕಂಪನಿಯದಾದರೂ ಅದು ಅನ್ವಯಿಸುತ್ತದೆ. ಹ್ಯಾಂಬರ್ಗ್‌ನಿಂದ ಫ್ರಾಂಕ್‌ಫರ್ಟ್ ಮೂರು ಗಂಟೆ ತಡ ಎಂಬುದು ಇಲ್ಲಿ ಮುಖ್ಯವಲ್ಲ. ಒಂದೇ ಟಿಕೆಟ್ ಆದ್ದರಿಂದ ಕೊನೆಯ ಊರಾದ ಬೆಂಗಳೂರನ್ನು ನೀವು ಎಷ್ಟು ತಡವಾಗಿ ಮುಟ್ಟಿದಿರಿ ಎಂಬುದೇ ಲೆಕ್ಕ. ನೀವು ಮುಟ್ಟಿದ್ದು ಒಂದು ಪೂರ್ತಿ ದಿನ ತಡವಾಗಿ. ದೂರ 3,500 ಕಿಲೋಮೀಟರಿಗಿಂತ ಹೆಚ್ಚಾದ್ದರಿಂದ ಮೊತ್ತ 600 ಯೂರೋ. ಟಿಕೆಟಿಗೆ ನೀವು ಕೊಟ್ಟ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಬಿರುಗಾಳಿ, ನಿಲ್ದಾಣದ ಮುಚ್ಚುಗಡೆ ಮುಂತಾದ ಅಸಾಧಾರಣ ಕಾರಣಗಳಿದ್ದರೆ ಕಂಪನಿ ತಪ್ಪಿಸಿಕೊಳ್ಳಬಹುದು. ಆದರೆ ಮಾಮೂಲಿ ತಾಂತ್ರಿಕ ದೋಷ ಅಸಾಧಾರಣವಲ್ಲವೆಂದು ಯುರೋಪಿನ ನ್ಯಾಯಾಲಯ 2008ರಲ್ಲೇ ಹೇಳಿದೆ. ಹೋಟೆಲ್ ಕೊಟ್ಟಿದ್ದೇವಲ್ಲ ಎಂದು ಅವರು ಬರೆಯಬಹುದು. ಹೋಟೆಲ್, ಊಟ ಅವರ ಕರ್ತವ್ಯ, ಅದು ಪರಿಹಾರದಲ್ಲಿ ಕಳೆಯುವಂಥದ್ದಲ್ಲ.

ಮೊದಲು ಕಂಪನಿಗೇ ನೇರವಾಗಿ ಬರೆಯಿರಿ. ಟಿಕೆಟ್ ಸಂಖ್ಯೆ, ಬೋರ್ಡಿಂಗ್ ಪಾಸ್‌ಗಳ ಚಿತ್ರ, ತಾಂತ್ರಿಕ ದೋಷ ಎಂದು ತಿಳಿಸಿದ ಸಂದೇಶ ಇದ್ದರೆ ಅದರ ಪ್ರತಿ ಸೇರಿಸಿ. ಎರಡು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಜರ್ಮನಿಯಲ್ಲಿ ಪ್ರಯಾಣಿಕರ ದೂರುಗಳಿಗೆಂದೇ ಇರುವ ರಾಜಿ ಸಂಸ್ಥೆಗೆ ಖರ್ಚಿಲ್ಲದೆ ಹೋಗಬಹುದು. ಜರ್ಮನಿಯಲ್ಲಿ ಇಂತಹ ಬೇಡಿಕೆಗೆ ಕಾಲಮಿತಿ, ಘಟನೆ ನಡೆದ ವರ್ಷದ ಕೊನೆಯಿಂದ ಮೂರು ವರ್ಷ, ಹಾಗಾಗಿ ಆತುರವಿಲ್ಲ. ಅಂತರ್ಜಾಲದಲ್ಲಿ ನಾವು ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳಿಗೆ ಕೊಡಬೇಡಿ, ದೊಡ್ಡ ಪಾಲು ಅವರಿಗೇ ಹೋಗುತ್ತದೆ.

ಎರಡನೆಯದು ಪೆಟ್ಟಿಗೆ. ಇದಕ್ಕೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತ 2009ರಲ್ಲಿ ಇದಕ್ಕೆ ಸೇರಿತು. ಕೌಂಟರಿನಲ್ಲಿ ಬರೆಸಿದ ದೂರು ಹುಡುಕುವುದಕ್ಕೆ ಮಾತ್ರ. ಹಣ ಬೇಕಾದರೆ ಪೆಟ್ಟಿಗೆ ನಿಮ್ಮ ಕೈಸೇರಿದ ದಿನದಿಂದ 21 ದಿನಗಳೊಳಗೆ ಕಂಪನಿಗೆ ಬೇರೆಯಾಗಿ ಬರೆದು ಕೇಳಬೇಕು. ಒಳಗಿನ ವಸ್ತು ಒಡೆದಿದ್ದರೆ ಏಳೇ ದಿನ. ಪೆಟ್ಟಿಗೆ ಬರುವವರೆಗೆ ನೀವು ಕೊಂಡ ಬಟ್ಟೆಬರೆ, ಸಾಬೂನು ಎಲ್ಲದರ ಬಿಲ್ಲು ಇಟ್ಟುಕೊಳ್ಳಿ. ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅಂದರೆ ಸುಮಾರು 2,000 ಡಾಲರ್. ಅದು ಮಿತಿ ಮಾತ್ರ, ನಿಮಗೆ ಸಿಗುವುದು ಬಿಲ್ಲು ತೋರಿಸಿದಷ್ಟು.

ವ್ಯರ್ಥವಾದ ಶುಕ್ರವಾರದ ಟಿಕೆಟ್ ಇದೆಯಲ್ಲ, ಅದರಲ್ಲೇ ಜನ ಮೋಸ ಹೋಗುವುದು. ಆ ದೇಶೀ ಕಂಪನಿಯ ದೃಷ್ಟಿಯಲ್ಲಿ ನೀವು ಬರಲೇ ಇಲ್ಲ, ಅವರ ತಪ್ಪೇನೂ ಇಲ್ಲ. ಆದರೂ ಪ್ರಯಾಣಿಕ ಬಾರದಿದ್ದಾಗಲೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕವನ್ನು ಹಿಂದಿರುಗಿಸಬೇಕೆಂದು ಭಾರತದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎಯ ನಿಯಮವಿದೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ, ಕೇಳಿ. ಮೂಲ ದರವನ್ನು ಜರ್ಮನಿಯ ಕಡೆಯ ಕಂಪನಿಯಿಂದ ವಿಳಂಬದ ನಷ್ಟವೆಂದು ಮಾಂಟ್ರಿಯಲ್ ಒಪ್ಪಂದದಡಿ ಕೇಳಲು ಅವಕಾಶವಿದೆ, ಆದರೆ 600 ಯೂರೋವನ್ನು ಅದರಿಂದ ಕಳೆಯುವ ಹಕ್ಕು ಅವರಿಗಿದೆ. ನಿಮ್ಮ ಲೆಕ್ಕಕ್ಕೆ ಅದು ಏನನ್ನೂ ಸೇರಿಸಲಿಕ್ಕಿಲ್ಲ.

ಮೂರನೆಯದು ಬಜ್ಪೆಯಿಂದ ಹಿಂದಿರುಗಿದ ವಿಮಾನ. ಮುನ್ಸೂಚನೆ ಇಲ್ಲದೆ ಕಂಪನಿಯೇ ಹಾರಾಟ ರದ್ದು ಮಾಡಿದರೆ ಭಾರತದಲ್ಲಿ ಹಾರಾಟದ ಅವಧಿ ನೋಡಿ ₹5,000ದಿಂದ ₹10,000ದವರೆಗೆ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟು, ಪರಿಹಾರವುಂಟು. ಹವಾಮಾನಕ್ಕೆ ಇಲ್ಲ. ಬೇರೆ ವಿಮಾನ ಅಥವಾ ಹಣ ವಾಪಸು, ಎರಡರಲ್ಲಿ ಒಂದು. ನೀವು ಹಣ ಆರಿಸಿಕೊಂಡಿರಿ. ಅದು ಬಾರದೆ ಹೋದರೆ ವಿಮಾನ ಪ್ರಯಾಣಿಕರ ದೂರಿಗೆಂದು ಸರ್ಕಾರ ಮಾಡಿದ ಏರ್‌ಸೇವಾ ಜಾಲತಾಣದಲ್ಲಿ ದೂರು ಕೊಡಿ, ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಹೊಳೆಬದಿ ಗುಂಡ್ಯ ಉತ್ತರಿಸಿದ್ದಾರೆ:

ಬಸ್ಸು ಹಿಡಿದದ್ದು ತಪ್ಪೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಹೌದು. ಘಟ್ಟದ ಮೇಲಿನವರಿಗೆ ಮಂಗಳೂರು ಎಂದರೆ 350 ಕಿಲೋಮೀಟರ್, ನಮಗೆ ಅದು ಸಕಲೇಶಪುರದವರೆಗೆ ಒಂದು ಊರು, ಅಲ್ಲಿಂದ ಘಟ್ಟದ ಬುಡದ ಗುಂಡ್ಯದವರೆಗೆ ಇನ್ನೊಂದು ಲೋಕ. ಆಟಿಯಲ್ಲಿ ಬಜ್ಪೆಗೆ ವಿಮಾನ ಇಳಿಯದಷ್ಟು ಮಳೆ ಇದೆ ಎಂದರೆ, ಅದೇ ಮಳೆ ನಿಮ್ಮ ಬಸ್ಸು ಇಳಿಯಬೇಕಾದ ಶಿರಾಡಿ ಘಟ್ಟದ ಗುಡ್ಡಗಳ ಮೇಲೂ ಸುರಿಯುತ್ತಿರುತ್ತದೆ. ಮೋಡ ಒಂದು ಗಂಟೆಯಲ್ಲಿ ಸರಿಯಬಹುದು, ಜಾರಿದ ಮಣ್ಣು ಹಾಗೆ ಸರಿಯುವುದಿಲ್ಲ. ಮಧ್ಯಾಹ್ನದ ಅಥವಾ ಸಂಜೆಯ ವಿಮಾನಕ್ಕೆ ಕಾಯ್ದು ಕುಳಿತಿದ್ದರೆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದಿರೋ ಏನೋ.

ರೈಲಿನಲ್ಲಿ ಬರಬಹುದಿತ್ತಲ್ಲ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿಗೇ ನೇರ ಬರುತ್ತದೆ, ಒಳ್ಳೆಯ ಗಾಡಿ, ಆದರೆ ಅದು ಬೆಂಗಳೂರು ಬಿಡುವುದು ಸಂಜೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, 50 ಅಡಿಗೆ ಒಂದು ಅಡಿ ಇಳಿಜಾರು. ಗಾಡಿ ಅಲ್ಲಿ ತೆವಳುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿ ಹತ್ತು ದಿನಗಳಿಗೂ ಮಿಕ್ಕಿ ರೈಲೇ ಇರಲಿಲ್ಲ. 2018ರ ಆಗಸ್ಟಿನಲ್ಲಂತೂ ಶಿರಾಡಿ ರಸ್ತೆ, ಸಂಪಾಜೆ ಘಟ್ಟದ ರಸ್ತೆ, ರೈಲು ಮೂರೂ ಒಟ್ಟಿಗೇ ಮುಚ್ಚಿದ್ದವು. ಮಣ್ಣು ಜಾರಿ ಚಾರ್ಮಾಡಿ ಘಟ್ಟದ ರಸ್ತೆ ಮುಚ್ಚಿದ್ದನ್ನು 2019ರಲ್ಲಿ ನೋಡಿದ್ದೇವೆ. ಆಗುಂಬೆಯ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದೇ ಇಲ್ಲ.

ಹಾಗೆಂದು ನಿಮ್ಮನ್ನು ದೂರುತ್ತಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲದವರಿಗೆ, ಚಲಿಸುತ್ತಿರುವ ಬಸ್ಸು ನಿಂತಿರುವ ವಿಮಾನ ನಿಲ್ದಾಣಕ್ಕಿಂತ ಮನೆಗೆ ಹತ್ತಿರ ಅನಿಸುತ್ತದೆ. ಟ್ಯಾಂಕರಿನವರ ಅನ್ನದ ಮೇಲೆ ಹೊಟ್ಟೆ ಉರಿಯಿತು ಎಂದಿರಿ. ಕೇಳಿದ್ದರೆ ಕೊಡುತ್ತಿದ್ದರು, ನಾನು ಉಂಡಿದ್ದೇನೆ.

ಇಂದ್ರಾಳಿ ಸೇತುವೆ ಉತ್ತರಿಸಿದ್ದಾರೆ:

ಫಲ್ಗುಣಿ ತೀರ ಅವರಿಗೆ ತುಂಬಾ ಧನ್ಯವಾದ. 600 ಯೂರೋ ಬರುತ್ತದೆಂಬುದು ನನಗೆ ತಿಳಿದೇ ಇರಲಿಲ್ಲ. ಹೋಟೆಲ್ ಚೀಟಿ ಕೊಡುವಾಗ ಕೌಂಟರಿನವರು ಇಂತಹ ಹಕ್ಕುಗಳ ಒಂದು ಮಡಚಿದ ಕಾಗದವನ್ನೂ ಕೊಟ್ಟಿದ್ದರು, ಅದರಲ್ಲಿ ಚೂಯಿಂಗ್ ಗಮ್ ಸುತ್ತಿ ಎಸೆದದ್ದು ಈಗ ನೆನಪಾಗುತ್ತಿದೆ. ಕೆಂಜಾರಿನವರ ಮಾತು ಓದಿದ ಮೇಲೆ ಆ ವಿಮಾನದ ಮೇಲಿನ ನನ್ನ ಸಿಟ್ಟನ್ನು ವಾಪಸು ತೆಗೆದುಕೊಂಡಿದ್ದೇನೆ. ಗುಂಡ್ಯದವರೇ, ಆ ದಿನ ಮಧ್ಯಾಹ್ನದ ವಿಮಾನ ಇಳಿಯಿತೇ ಎಂದು ನಾನು ಬೇಕೆಂದೇ ನೋಡಿಲ್ಲ, ದಯವಿಟ್ಟು ಯಾರೂ ನೋಡಿ ಹೇಳಬೇಡಿ.

ಇನ್ನು ಒಂದು ಸಂದೇಹ. ಪೆಟ್ಟಿಗೆ ಬೆಂಗಳೂರಿಗೆ ಬಂದಿದೆಯಂತೆ, ಕಸ್ಟಮ್ಸ್ ದಾಟಿಸಲು ಪಾಸ್‌ಪೋರ್ಟಿನ ಪ್ರತಿ, ಒಳಗೆ ಏನಿದೆ ಎಂಬ ಪಟ್ಟಿ, ಸಹಿ ಮಾಡಿದ ಅನುಮತಿ ಪತ್ರ ಕೇಳುತ್ತಿದ್ದಾರೆ. ಇದು ಸರಿಯಾದ ಕ್ರಮವೇ?

ಮುಲ್ಕಿಯಿಂದ ಮಸ್ಕತ್ ಉತ್ತರಿಸಿದ್ದಾರೆ:

ಸರಿಯಾದ ಕ್ರಮವೇ. ವಿದೇಶದಿಂದ ಬಂದ ಪೆಟ್ಟಿಗೆ, ಯಜಮಾನರು ಜೊತೆಗಿಲ್ಲ ಎಂದ ಮೇಲೆ ಕಸ್ಟಮ್ಸ್‌ನವರು ಕಾಗದ ಕೇಳಿಯೇ ಕೇಳುತ್ತಾರೆ. ಬೀಗ ಹಾಕಿದ್ದರೆ ಕೀಲಿಯನ್ನೂ ಕೇಳಬಹುದು. ಬೇಗ ಕಳುಹಿಸಿದಷ್ಟು ಬೇಗ ಬರುತ್ತದೆ.

ನಮ್ಮಂತಹ ಕೊಲ್ಲಿಯವರು ಘಟ್ಟದ ಸಹವಾಸವೇ ಬೇಡವೆಂದು ನೇರ ಬಜ್ಪೆಗೆ ಇಳಿಯುತ್ತೇವೆ. 2006ರಿಂದ ಕೊಲ್ಲಿಯ ವಿಮಾನಗಳು ಅಲ್ಲಿಗೆ ಬರುತ್ತಿವೆ. ಯುರೋಪಿನಿಂದ ಬರುವ ನನ್ನ ತಂಗಿಯೂ ಒಮ್ಮೆ ದುಬೈ ಮೂಲಕ ಬಂದಿದ್ದಾಳೆ. ಆದರೆ ಎರಡು ಬೇರೆ ಟಿಕೆಟ್ ಆದರೆ ಅಲ್ಲಿಯೂ ನಿಮ್ಮ ಕಥೆಯೇ: ಒಂದು ತಪ್ಪಿದರೆ ಇನ್ನೊಂದರವರು ಕೇಳುವುದಿಲ್ಲ, ಪೆಟ್ಟಿಗೆ ತೆಗೆದುಕೊಳ್ಳಲು ವಲಸೆ ತಪಾಸಣೆ ದಾಟಿ ಹೊರಬರಬೇಕು, ಅದಕ್ಕೆ ವೀಸಾದ ಪ್ರಶ್ನೆ ಏಳುತ್ತದೆ. ಮಂಗಳೂರಿನವರೆಗೂ ಒಂದೇ ಟಿಕೆಟ್ ಕೊಡುವ ಕಂಪನಿ ಸಿಕ್ಕರೆ, ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆಯಿರಿ. ಆಗ ಬಜ್ಪೆಯವರೆಗೆ ಮುಟ್ಟಿಸುವುದು ಅವರ ಜವಾಬ್ದಾರಿ, ತಡವನ್ನು ಎಣಿಸುವುದೂ ಬಜ್ಪೆಯಿಂದಲೇ. ಬೆಂಗಳೂರಿನಲ್ಲಿ ಪೆಟ್ಟಿಗೆ ತೆಗೆದು ಕಸ್ಟಮ್ಸ್ ದಾಟಿಸಿ ಮತ್ತೆ ಕೊಡುವುದು ಮಾತ್ರ ಒಂದೇ ಟಿಕೆಟ್ ಆದರೂ ಸಾಮಾನ್ಯವಾಗಿ ತಪ್ಪುವುದಿಲ್ಲ. ಅಂತಾರಾಷ್ಟ್ರೀಯ ವಿಮಾನಗಳು ಅಲ್ಲಿ ಎರಡನೇ ಟರ್ಮಿನಲ್‌ನಲ್ಲಿ ಇಳಿಯುತ್ತವೆ, ಮಂಗಳೂರಿನ ವಿಮಾನ ಯಾವ ಟರ್ಮಿನಲ್‌ನಿಂದ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಅಣ್ಣನವರು ಹೇಳಿದ ಒಂದು ವಾರ ಜಾಸ್ತಿಯಾಯಿತು. ಮೂರು ದಿನ ಸಾಕು.

ಸೌರಮಾನ ಉತ್ತರಿಸಿದ್ದಾರೆ:

ಟಿಕೆಟ್ಟಿನ ವಿಷಯ ನನಗೆ ತಿಳಿಯದು, ದಿನದ ವಿಷಯದಲ್ಲಿ ಎರಡು ಮಾತು ಹೇಳಬಹುದು.

ಪಂಚಾಂಗದಲ್ಲಿ ವಾರ ಬದಲಾಗುವುದು ಮಧ್ಯರಾತ್ರಿಗಲ್ಲ, ಸೂರ್ಯೋದಯಕ್ಕೆ. ಆಟಿಯಲ್ಲಿ ಉಡುಪಿಯ ಸೂರ್ಯೋದಯ ಬೆಳಿಗ್ಗೆ ಆರರ ಆಚೆ. ನಸುಕಿನ ಎರಡಕ್ಕೆ ನೀವು ಮೆಟ್ಟಿಲು ಹತ್ತಿದಾಗ ನಿಮ್ಮ ತಾಯಿಯವರಿಗೆ ಅದು ಶನಿವಾರವೇ. ಅವರು ನಿದ್ದೆ ಮಾಡದೆ ಕುಳಿತಿದ್ದರು ಎಂದು ಬರೆದಿದ್ದೀರಿ. ಹಳೆಯ ಕಾಲದವರು, ಈ ಲೆಕ್ಕ ಅವರಿಗೆ ತಿಳಿದಿರಲೇಬೇಕು.

ಸಹಸ್ರ ಚಂದ್ರ ದರ್ಶನದ ಬಗ್ಗೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ, ಆದ್ದರಿಂದ ಸಾವಿರ ಹುಣ್ಣಿಮೆಗೆ 29,530 ದಿನ ಬೇಕು. ಎಂಬತ್ತು ವರ್ಷಕ್ಕೆ ಆಗುವುದು 29,220 ದಿನ. ಉಳಿದ 310 ದಿನವೆಂದರೆ ಹತ್ತು ತಿಂಗಳು ಮತ್ತು ಕೆಲವು ದಿನ. ಈ ಲೆಕ್ಕವನ್ನೇ ಹಿಡಿದರೆ ನಿಮ್ಮ ತಾಯಿಯವರ ಶಾಂತಿ ಮೇ ಕೊನೆಗೆ ಬರುತ್ತದೆ, ಅಂದರೆ ಮದುವೆಯ ಋತುವಿನ ನೂಕುನುಗ್ಗಲು, ಅದರ ಹಿಂದೆಯೇ ಜೂನ್ ಮೊದಲ ವಾರದ ಮಳೆ. ಆದರೆ ಎಂಬತ್ತು ವರ್ಷ ಎಂಟು ತಿಂಗಳಿಗೇ ಶಾಂತಿ ಮಾಡುವ ಪದ್ಧತಿ ನಮ್ಮ ಕಡೆ ಧಾರಾಳವಾಗಿ ಇದೆ. ಹಾಗೆ ಮಾಡಿದರೆ ಮಾರ್ಚ್ ಕೊನೆಗೆ, ಮೀನ ಮಾಸದಲ್ಲಿ ಬರುತ್ತದೆ: ಸೆಕೆ ಬಿಟ್ಟರೆ ಬೇರೆ ತೊಂದರೆಯಿಲ್ಲ, ಘಟ್ಟ ಒಣಗಿರುತ್ತದೆ, ಬಜ್ಪೆಯ ಗುಡ್ಡದ ಮೇಲೆ ಮೋಡವೂ ಇರುವುದಿಲ್ಲ. ಜನ್ಮನಕ್ಷತ್ರ ನೋಡಿ ದಿನ ಇಡಲು ನಿಮ್ಮ ಪುರೋಹಿತರನ್ನು ಈಗಲೇ ಕೇಳಿ. ಟಿಕೆಟ್ಟು ಆಮೇಲೆ.

ಇಂದ್ರಾಳಿ ಸೇತುವೆ ಉತ್ತರಿಸಿದ್ದಾರೆ:

ನಾಳೆ ಹೊರಡುತ್ತಿದ್ದೇನೆ, ಅದಕ್ಕೆ ಮೊದಲು ಇಲ್ಲಿಯವರೆಗಿನ ಸುದ್ದಿ ಹೇಳಿಬಿಡುತ್ತೇನೆ.

ಪೆಟ್ಟಿಗೆ ನಿನ್ನೆ ಮನೆಗೆ ಬಂತು. ಶಾಲು ಸರಿಯಾಗಿದೆ. ದೀಪದ ಭೂತಗನ್ನಡಿಗೆ ಒಂದು ಸಣ್ಣ ಬಿರುಕು ಬಿದ್ದಿದೆ, ಏಳು ದಿನದ ಮಾತು ನೆನಪಿಟ್ಟು ಚಿತ್ರ ತೆಗೆದು ನಿನ್ನೆಯೇ ಬರೆದಿದ್ದೇನೆ. ಬಿರುಕು ಮೂಲೆಯಲ್ಲಿರುವುದರಿಂದ ಅಮ್ಮ ಅದರಲ್ಲೇ ಇವತ್ತಿನ ಉದಯವಾಣಿ ಓದಿ ಮುಗಿಸಿದರು. 600 ಯೂರೋದ ಪತ್ರವನ್ನೂ ಕಳುಹಿಸಿದ್ದೇನೆ, ದೂರು ಸ್ವೀಕರಿಸಿದ್ದೇವೆ ಎಂಬ ಯಂತ್ರದ ಉತ್ತರ ಬಂದಿದೆ. ದೇಶೀ ಟಿಕೆಟ್ಟಿನ ತೆರಿಗೆ ಹಣ ಕೇಳಿದಾಗ ಮೊದಲು ಇಲ್ಲವೆಂದವರು ನಿಯಮದ ಹೆಸರು ಎತ್ತಿದ ಮೇಲೆ ಒಪ್ಪಿಕೊಂಡರು.

ಪುರೋಹಿತರನ್ನು ಅಣ್ಣ ಕೇಳಿದರು. ಎಂಟು ತಿಂಗಳ ಲೆಕ್ಕಕ್ಕೆ ಅವರ ಒಪ್ಪಿಗೆಯಿದೆ, ದಿನ ಮಾರ್ಚ್ ಕೊನೆಯ ಶುಕ್ರವಾರ. ಮಂಗಳೂರಿನವರೆಗೆ ಒಂದೇ ಟಿಕೆಟ್, ಇಳಿಯುವುದು ಅದಕ್ಕೆ ಮೊದಲಿನ ಸೋಮವಾರ ಎಂದು ನಿಶ್ಚಯಿಸಿದ್ದೇನೆ. ಉಡುಗೊರೆಯನ್ನು ಈ ಸಲ ಕೈಚೀಲದಲ್ಲೇ ತರುತ್ತೇನೆ.

ಸೌರಮಾನ ಅವರ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಸೂರ್ಯೋದಯದ ಮಾತು ಸರಿ, ಅದು ತನಗೆ ಗೊತ್ತಿತ್ತು ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದರೆ ಹಯಗ್ರೀವ ಅಷ್ಟು ಹೊತ್ತಿಗೆ ಗಟ್ಟಿಯಾಗಿತ್ತು" ಎಂದರು.